ನಾಲ್ಕು ಭೂತಗಳ ತಪಾಸಣೆ

ದೋಲ್ನಿ ಸ್ಲಿವ್ಕಾ ಎಂಬ ಊರಿನ ಪುರಸಭೆಯಲ್ಲಿ ನಿದ್ದೆ ಮಾಡುವುದು ಯಾರ ಕಣ್ಣಿಗೂ ಅಪರಾಧವಲ್ಲ. ನಿದ್ದೆಯಿಂದ ಎಚ್ಚೆತ್ತ ಕೂಡಲೇ ಕೈ ಎತ್ತುವುದು ಮಾತ್ರ ಅಪಾಯ. ಅಲೋಯಿಸ್ ಕ್ವಾಪಿಲ್ ಆ ಸೋಮವಾರ ಎರಡನ್ನೂ ಒಂದರ ಹಿಂದೊಂದು ಮಾಡಿದ.

ಅಲೋಯಿಸ್ ರೈಲ್ವೆಯ ಸರಕು ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ನಿವೃತ್ತಿಯ ಮರುವರ್ಷವೇ ಊರಿನ ಪರಿಸರ ಸಮಿತಿಯ ಅಧ್ಯಕ್ಷನಾದ. ಸಮಿತಿಯಲ್ಲಿ ಮೊದಲು ಮೂವರಿದ್ದರು. ಒಬ್ಬರು ಮಗಳ ಮನೆಗೆಂದು ಬರ್ನೋ ಪಟ್ಟಣಕ್ಕೆ ಹೋಗಿ ಅಲ್ಲೇ ಉಳಿದರು, ಇನ್ನೊಬ್ಬರು ತೀರಿಕೊಂಡರು. ಹೀಗಾಗಿ ಸಮಿತಿಯ ನಿರ್ಣಯಗಳೆಲ್ಲ ಈಚೆಗೆ ಸರ್ವಾನುಮತದಿಂದ ಅಂಗೀಕಾರವಾಗುತ್ತಿದ್ದವು. ಅಲೋಯಿಸ್ ತನ್ನ ಮನೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಿದ್ದ. ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿಕೊಂಡು ಹೊಗೆಯ ಕೆಡುಕು, ನೀರಿನ ಮಿತವ್ಯಯ, ನೆಲದ ಪಾವಿತ್ರ್ಯಗಳ ಬಗ್ಗೆ ಎರಡು ಮಾತು ಹೇಳದೆ ಬಿಡುತ್ತಿರಲಿಲ್ಲ. ಅವನು ಬರುವುದು ಕಂಡರೆ ಜನ ಬೇರೆ ಬೀದಿ ಹಿಡಿಯುತ್ತಿದ್ದರು. ತನ್ನ ಉಪದೇಶ ನಾಟಿದೆ, ಜನ ನಡೆದಾಡುವುದು ಹೆಚ್ಚಾಗಿದೆ ಎಂದು ಅವನು ತಿಳಿದಿದ್ದ.

ಆ ಸೋಮವಾರ ಸಭೆಯಲ್ಲಿ ಒಲೆಯ ಪಕ್ಕದ ಕುರ್ಚಿ ಸಿಕ್ಕಿತು. ಕಣ್ಣು ಮುಚ್ಚಿದ. ತೆರೆದಾಗ ಮೇಯರ್ ಹನಾಕೊವಾ ಮಾತಾಡುತ್ತಿದ್ದರು: "...ಬರ್ನೋದಿಂದ ಬರ್ತಾರೆ. ವಾರವೆಲ್ಲ ಇಲ್ಲೇ ಇದ್ದು ನಮ್ಮೂರಿನ ನೆಲ, ನೀರು, ಬೆಂಕಿ, ಗಾಳಿ ನಾಲ್ಕನ್ನೂ ಹತ್ತಿರದಿಂದ ನೋಡ್ತಾರೆ. ಜನ ಅದರ ಜೊತೆ ಹೇಗೆ ಬದುಕ್ತಾರೆ ಅನ್ನೋದನ್ನ ಗಮನಿಸ್ತಾರೆ. ಶನಿವಾರ ಹಳೇ ಅರಮನೆ ಅಂಗಳದಲ್ಲಿ ಎಲ್ಲರೆದುರಿಗೆ ತೋರಿಸ್ತಾರೆ. ಜಿಲ್ಲಾ ಕಚೇರಿಯಿಂದ ವೊಂದ್ರಾಕ್ ಅವರೂ ಬರ್ತಾರೆ. ಮಿಕ್ಕವರಿಗೆ ಪಾದ್ರಿಗಳ ಮನೇಲಿ ವ್ಯವಸ್ಥೆ ಆಗಿದೆ. ಇಬ್ಬರಿಗೆ ಜಾಗ ಬೇಕು. ಯಾರ ಮನೇಲಿ?"

ಪಕ್ಕದಲ್ಲಿ ಕೂತಿದ್ದ ಕಸಾಯಿ ವಾವ್ರಾ ಮೊಣಕೈಯಿಂದ ತಿವಿದ. "ನೆಲ, ನೀರು ಅಂದ್ರೆ ನಿನ್ನ ಖಾತೆ ತಾನೇ ಲೋಯ್ಜಾ?"

ಊರಿನವರ ಬಾಯಲ್ಲಿ ಅಲೋಯಿಸ್ ಲೋಯ್ಜಾ ಆಗಿದ್ದ. ಅಧ್ಯಕ್ಷನ ಕೈ ತಾನಾಗಿ ಮೇಲೆದ್ದಿತು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ, ತಾನು ಒಪ್ಪಿಕೊಂಡದ್ದು ಏನನ್ನು ಎಂಬ ಪ್ರಶ್ನೆ ಅಲೋಯಿಸನಿಗೆ ಎದುರಾಯಿತು. ಕೇಳೋಣವೆಂದರೆ ಪರಿಸರಾಧ್ಯಕ್ಷನೇ ಪರಿಸರದ ವಿಷಯ ಬಂದಾಗ ಗೊರಕೆ ಹೊಡೆಯುತ್ತಿದ್ದ ಎಂದಾಗುತ್ತದೆ.

ಮನೆಗೆ ಹೋಗುವಾಗ ಸುತ್ತಿ ಬಳಸಿ ಕೇಳಿದ. "ವಾವ್ರಾ, ಬರೋರು ಎಂಥವರು ಅಂತ ನಿನ್ನ ಅಂದಾಜು?"

"ಸಂಗೀತದವರಂತೆ. ಮುನ್ನೂರು ವರ್ಷ ಹಳೇ ಸಂಗೀತ. ಅದಕ್ಕೆ ಒಂದು ಹುಡುಗಿ ಹೊಸ ನಮೂನೆ ಕುಣೀತಾಳಂತೆ," ಎಂದ ವಾವ್ರಾ, ಎಡಗಣ್ಣು ಮಿಟುಕಿಸಿದ.

ವಾವ್ರಾನ ಎಡಗಣ್ಣು ಯೌವನದಲ್ಲಿ ಹಂದಿಯೊಂದು ಒದ್ದಾಗಿನಿಂದ ತಂತಾನೇ ಮಿಟುಕುತ್ತದೆ. ಶವಯಾತ್ರೆಯಲ್ಲೂ ಮಿಟುಕುತ್ತದೆ. ಊರಿಗೆಲ್ಲ ಗೊತ್ತು. ಅಲೋಯಿಸನಿಗೂ ಗೊತ್ತು. ಆದರೆ ಆ ಹೊತ್ತು ಅವನಿಗೆ ನೆನಪಾಗಲಿಲ್ಲ.

"ಸಂಗೀತದವರು... ಅಂತ ಹೇಳ್ಕೊಂಡಿದಾರೆ ಅನ್ನು."

"ಹೇಳೋಕೇನು, ಏನು ಬೇಕಾದ್ರೂ ಹೇಳ್ಬಹುದು," ಎಂದ ವಾವ್ರಾ. ಅವನಿಗೂ ಅನುಮಾನವೆಂದರೆ ಆಪ್ತಮಿತ್ರನೇ. "ಹೋದ ವರ್ಷ ಬೆಟ್ಟದಾಚೆ ಊರಿಗೆ ತೆರಿಗೆಯವರು ಅಣಬೆ ಆರಿಸೋರ ವೇಷದಲ್ಲಿ ಬಂದಿದ್ರಂತೆ. ಬುಟ್ಟಿ ಹಿಡ್ಕೊಂಡು!" ಕಣ್ಣು ಮತ್ತೆ ಮಿಟುಕಿತು.

ಅಲೋಯಿಸನಿಗೆ ಎಲ್ಲ ಹೊಳೆಯಿತು. ನೆಲಕ್ಕೊಂದು ಇಲಾಖೆ, ನೀರಿಗೊಂದು, ಬೆಂಕಿಗೊಂದು, ಗಾಳಿಗೊಂದು. ನಮ್ಮ ಕಡೆ ಭೂತಗಳು ಐದು. ಅವರ ಲೆಕ್ಕದಲ್ಲಿ ನಾಲ್ಕೇ. ಆಕಾಶಕ್ಕೆ ಅಲ್ಲಿನ ಸರ್ಕಾರ ಇನ್ನೂ ಕಚೇರಿ ತೆರೆದಿಲ್ಲ, ಅದಕ್ಕೇ ಇರಬೇಕು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಲು ಅಲೋಯಿಸನಿಗೆ ಒಂದು ಹೆಗಲು ಸಾಲುತ್ತಿರಲಿಲ್ಲ. ಅವನ ಹಿತ್ತಲಿನ ಬೇಲಿ ಪ್ರತಿ ವಸಂತದಲ್ಲೂ ಅರಮನೆಯ ತೋಟದ ಕಡೆಗೆ ಒಂದಿಷ್ಟು ನಡೆದು, ಈಗ ಅಲ್ಲಿನ ಪ್ಲಮ್ ಮರವೊಂದನ್ನು ತಬ್ಬಿಕೊಂಡು ನಿಂತಿತ್ತು. ಅರಮನೆಯ ಕಾರಂಜಿಗೆ ಹೋಗುವ ಬುಗ್ಗೆಯ ನೀರು ನೆಲದಡಿಯ ಒಂದು ಕೊಳವೆಯ ಮೂಲಕ ಅವನ ತೊಟ್ಟಿಗೂ ಬರುತ್ತಿತ್ತು. ಒಲೆಯಲ್ಲಿ ಅವನು ಉರಿಸುತ್ತಿದ್ದದ್ದು ಡಾಂಬರು ಕುಡಿದ ಹಳೆಯ ರೈಲ್ವೆ ಸ್ಲೀಪರುಗಳನ್ನು, ಅಂದರೆ ಹಳಿಯಡಿಯ ಮರದ ತೊಲೆಗಳನ್ನು. ಆ ಹೊಗೆಗೆ ಗುಬ್ಬಿಗಳು ದಿಕ್ಕು ತಪ್ಪುತ್ತಿದ್ದವು. ಇನ್ನು ಬೆಂಕಿ. ಹಿತ್ತಲ ಕೊಟ್ಟಿಗೆಯಲ್ಲಿ ತಾಮ್ರದ ಹಂಡೆಯೊಂದಿತ್ತು. ಹೆಂಡತಿಯ ತಂದೆ ಕೊಟ್ಟದ್ದು. ಅದರಲ್ಲಿ ಅಲೋಯಿಸ್ ಪ್ಲಮ್ ಹಣ್ಣಿನ ಸ್ಲಿವೊವಿತ್ಸಾ ಸಾರಾಯಿ ಇಳಿಸುತ್ತಿದ್ದ. ಹಣ್ಣನ್ನು ಪರವಾನಗಿ ಇರುವ ಭಟ್ಟಿಗೆ ಒಯ್ಯಬೇಕೆಂಬುದು ಕಾನೂನು. ಮನೆಯಲ್ಲಿ ಇಳಿಸಿದರೆ ಮಾನವೂ ಹೋಗುತ್ತದೆ, ಹಂಡೆಯೂ ಹೋಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಈ ಬೇಲಿಯಂತೂ ನಿಜವಾಗಿಯೂ ಎದ್ದು ನಡೆದಿತ್ತು.

"ನೀನು ಕೈ ಎತ್ತಿದ್ಯಾಕೆ?" ಎಂದಳು ಹೆಂಡತಿ ಲುದ್ಮಿಲಾ.

"ಶತ್ರು ಕಣ್ಣೆದುರಿಗೇ ಇರಲಿ ಅಂತ."

"ಅವರು ಹಾಡೋರು ಕಣೋ! ಬೇಕರಿ ಗೋಡೆ ಮೇಲೆ ದೊಡ್ಡ ಪೋಸ್ಟರ್ ಹಾಕಿದಾರೆ."

"ಅಷ್ಟು ದೊಡ್ಡ ಪೋಸ್ಟರ್ ಹಾಕಿದಾರೆ ಅಂದ್ರೇ ತಿಳ್ಕೊ," ಎಂದ ಅಲೋಯಿಸ್. "ನಿಜವಾದ ಹಾಡುಗಾರರ ಹತ್ರ ಅಷ್ಟು ಕಾಗದ ಇರುತ್ತಾ?"

ಮರುದಿನ ಮಧ್ಯಾಹ್ನ ಅತಿಥಿಗಳು ಬಂದರು. ಒಬ್ಬ ಕಾಮಿಲ್ ಸೊಬೋಟ್ಕಾ. ಒಣಗಿದ ಹುರುಳಿಕಾಯಿಯಂಥ ಉದ್ದನೆಯ ಮನುಷ್ಯ, ಹಾರ್ಪ್ಸಿಕಾರ್ಡ್ ನುಡಿಸುವವನು. ಅದು ಪಿಯಾನೊದ ಅಜ್ಜಿಯಂಥ ವಾದ್ಯ, ಮುಟ್ಟಿದರೆ ಬೆಳ್ಳಿಯ ಚಮಚಗಳು ಜಗಳವಾಡಿದಂತೆ ನಾದ. ಇನ್ನೊಬ್ಬಳು ಎಸ್ಟೆರಾ, ನರ್ತಕಿ. ಒಳಗೆ ಬಂದವಳೇ ಚಪ್ಪಲಿ ಕಳಚಿ ಬರಿಗಾಲನ್ನು ನೆಲದ ಮೇಲೆ ಒತ್ತಿ, ಕಣ್ಣು ಮುಚ್ಚಿದಳು.

"ಈ ನೆಲ ಎಷ್ಟು ಹಳೇದು?" ಎಂದು ಕೇಳಿದಳು.

ನಮಸ್ಕಾರ ಇಲ್ಲ, ಕುಶಲ ಇಲ್ಲ. ಮೊದಲ ಪ್ರಶ್ನೆಯೇ ನೆಲದ್ದು! ಅಲೋಯಿಸ್ ಹೆಂಡತಿಯ ಕಡೆ ಅರ್ಥಗರ್ಭಿತವಾಗಿ ನೋಡಿದ. ಲುದ್ಮಿಲಾ ಕೊಲಾಚ್ ಬನ್ನುಗಳ ತಟ್ಟೆಯನ್ನು ಮುಂದಿಟ್ಟಳು.

ಸೊಬೋಟ್ಕಾ ಬನ್ನು ಮುಟ್ಟಲಿಲ್ಲ. ಜೇಬಿನಿಂದ ಗಡಿಯಾರದಂಥ ಮಾಪಕವೊಂದನ್ನು ತೆಗೆದು ಗೋಡೆಗೆ ಹಿಡಿದ, ಕಿಟಕಿಗೆ ಹಿಡಿದ, ಒಲೆಯ ಬಳಿ ಬಾಗಿ ಮೂಗರಳಿಸಿದ. "ಇಲ್ಲಿಯ ಗಾಳಿ ಸರಿಯಿಲ್ಲ," ಎಂದು ನಿಟ್ಟುಸಿರಿಟ್ಟ. "ವಿಪರೀತ ತೇವ. ಆಮೇಲೆ ಏನೋ... ಡಾಂಬರಿನ ವಾಸನೆ?"

"ನಾನು ರೈಲ್ವೇಲಿದ್ದೆ," ಎಂದ ಅಲೋಯಿಸ್, ಹಣೆ ಒರೆಸಿಕೊಳ್ಳುತ್ತ. "ಮೈಗೇ ಅಂಟ್ಕೊಂಡಿದೆ."

ತಂತಿವಾದ್ಯಕ್ಕೆ ತೇವ ತಗುಲಿದರೆ ಶ್ರುತಿ ಕೆಡುತ್ತದೆ, ಅದಕ್ಕೇ ಆ ಮಾಪಕ ಎಂದು ಸೊಬೋಟ್ಕಾ ದೀರ್ಘವಾಗಿ ವಿವರಿಸಿದ. ಅಲೋಯಿಸ್ ತಲೆಯಾಡಿಸಿದ. ಇಷ್ಟು ಉದ್ದದ ವಿವರಣೆ ಕೊಡುವವನು ಖಂಡಿತ ಸರ್ಕಾರಿ ನೌಕರನೇ ಎಂಬುದು ಅವನಿಗೆ ಖಾತ್ರಿಯಾಯಿತು.

ಊಟವಾದ ಮೇಲೆ ಸೊಬೋಟ್ಕಾ ಹಿತ್ತಲಿಗೆ ಹೋಗಿ ತೊಟ್ಟಿಯ ಪಕ್ಕ ನಿಂತ. ಶ್ರುತಿ ಹಿಡಿಯುವ ಉಕ್ಕಿನ ಕವೆಯನ್ನು ಮಂಡಿಗೆ ತಟ್ಟಿ ಕಿವಿಗೆ ಹಿಡಿದು, ಬೀಳುವ ನೀರನ್ನು ಆಲಿಸಿದ. "ಕ್ವಾಪಿಲ್ ಅವರೇ, ಅರಮನೆ ಕಾರಂಜಿ ತೀರಾ ಸಣ್ಣಗೆ ಅಳ್ತಾ ಇದೆ. ನಿಮ್ಮ ತೊಟ್ಟಿ ಮಾತ್ರ ಗಟ್ಟಿಯಾಗಿ ಹಾಡ್ತಾ ಇದೆ. ಆದ್ರೆ ಸ್ವರ ಎರಡೂ ಒಂದೇ. ವಿಚಿತ್ರ ಅಲ್ವಾ? ಒಂದೇ ತಾಯಿ ಮಕ್ಕಳ ಹಾಗೆ!"

ಅಲೋಯಿಸ್ ತೊಟ್ಟಿಗೆ ಅಡ್ಡವಾಗಿ ನಿಂತ. ಅವನ ಪರಿಚಯದ ಯಾವ ಇಲಾಖೆಯೂ ಕದ್ದ ನೀರನ್ನು ಕಿವಿಯಿಂದ ಹಿಡಿಯುವಷ್ಟು ಮುಂದುವರಿದಿರಲಿಲ್ಲ.

ಎಸ್ಟೆರಾಳದು ಇನ್ನೊಂದು ರೀತಿ. ಬೆಳಗ್ಗೆ ಇಬ್ಬನಿಯಲ್ಲಿ ಬೇಲಿಯ ಬುಡದಲ್ಲಿ ಅಂಗಾತ ಮಲಗಿರುತ್ತಿದ್ದಳು. ಒಲೆಯ ಬಾಗಿಲು ತೆರೆದು ಉರಿಯ ನಾಲಗೆಗಳಂತೆ ಬೆರಳು ಆಡಿಸುತ್ತಿದ್ದಳು. ಚಿಮಣಿಯ ಹೊಗೆ ಯಾವ ಕಡೆ ತಿರುಗಿದರೆ ಆ ಕಡೆ ಅಂಗಳದಲ್ಲಿ ತಾನೂ ಬಳುಕುತ್ತ ಹೋಗುತ್ತಿದ್ದಳು. ಅಲೋಯಿಸ್ ಪರದೆಯ ಸಂದಿಯಿಂದ ನೋಡುತ್ತಿದ್ದ.

"ನೋಡು, ನೋಡು! ಹೊಗೆ ಎತ್ತ ಹೋಗುತ್ತೆ ಅಂತ ಅಳೀತಾ ಇದಾಳೆ. ಕಾಲಲ್ಲೇ!"

"ಕುಣೀತಾ ಇದಾಳೆ ಕಣೋ ಮಾರಾಯ."

"ಅದಕ್ಕೆ ಕುಣಿತ ಅಂತಾರಾ? ಕುಣಿತ ಅಂದ್ರೆ ಪೋಲ್ಕಾ. ಇದು ಸರ್ವೆ."

ಅನುಮಾನವನ್ನು ಒಬ್ಬನೇ ಇಟ್ಟುಕೊಂಡರೆ ಅಜೀರ್ಣವಾಗುತ್ತದೆಂದು ಅಲೋಯಿಸ್ ಬೀದಿಗೆಲ್ಲ ಹಂಚಿದ. ಮೊದಲು ವಾವ್ರಾನಿಗೆ, ಆಮೇಲೆ ಮೂಲೆಮನೆಯ ರೂಜೆನಾ ಅತ್ತೆಗೆ. ಊರಿಗೆಲ್ಲ ಅತ್ತೆಯಾದ ಈ ವಿಧವೆಗೆ ತುಂಬ ಬಾತುಕೋಳಿಗಳಿದ್ದವು. ಅವೆಲ್ಲ ಅರಮನೆಯ ಕೊಳದಲ್ಲಿ ಈಜಿ, ಅರಮನೆಯ ಹುಲ್ಲು ತಿಂದು, ರೂಜೆನಾ ಅತ್ತೆಯ ಮನೆಯಲ್ಲಿ ಮೊಟ್ಟೆ ಇಡುತ್ತಿದ್ದವು.

"ಬಾತುಕೋಳಿ ಯಾವ ಇಲಾಖೆಗೆ ಬರುತ್ತೋ ಲೋಯ್ಜಾ? ನೀರಿಗೋ, ನೆಲಕ್ಕೋ?" ಎಂದು ಮುದುಕಿ ಗಾಬರಿಯಾದಳು.

"ಹಾರಿದ್ರೆ ಗಾಳಿಗೂ ಬರುತ್ತೆ ಅತ್ತೆ. ಹುರಿದ್ರೆ ಬೆಂಕಿಗೂ ಬರುತ್ತೆ."

"ಅಯ್ಯೋ ಯೇಸುವೇ! ನಾಲ್ಕೂ ಕಡೆ ಸಿಕ್ಕಿಬಿದ್ದೆ!"

ನೋಡಿದರೆ ಆ ಬೀದಿಯಲ್ಲಿ ಶುದ್ಧ ಕೈಯವರು ಒಬ್ಬರೂ ಇರಲಿಲ್ಲ. ಕಾರಂಜಿಯ ಬುಗ್ಗೆಗೆ ಕೊಳವೆ ಹಾಕಿದವರಲ್ಲಿ ಅಲೋಯಿಸ್ ಕೊನೆಯವನು ಎಂಬುದು ಅವನಿಗೇ ಆಗ ತಿಳಿಯಿತು. ವಾವ್ರಾ ಮಾಂಸಕ್ಕೆ ಹೊಗೆ ಹಾಕುವ ಗೂಡನ್ನು ಬಿಚ್ಚಿ ಶೌಚಗೃಹದ ಹಾಗೆ ಕಾಣುವಂತೆ ಮತ್ತೆ ಕಟ್ಟಿದ. ರೂಜೆನಾ ಅತ್ತೆ ಬಾತುಗಳನ್ನು ಮಲಗುವ ಕೋಣೆಯಲ್ಲಿ ಕೂಡಿಹಾಕಿ, ಅವು ಕೂಗಿದಾಗಲೆಲ್ಲ ತಾನು ಗಟ್ಟಿಯಾಗಿ ಕೆಮ್ಮಿದಳು. ಗುರುವಾರದ ಹೊತ್ತಿಗೆ ಯಾವ ಚಿಮಣಿಯಲ್ಲೂ ಹೊಗೆಯಿಲ್ಲ. ಬೀದಿಗೆ ಬೀದಿಯೇ ತಣ್ಣನೆಯ ಸಾಸೇಜು ತಿಂದು ಸ್ವೆಟರು ಹಾಕಿಕೊಂಡು ಕೂತಿತು. ಎಲ್ಲರೂ ತಮ್ಮ ತಮ್ಮ ಕೊಳವೆ ಕಿತ್ತು ಅದು ಕೂತಿದ್ದ ತೂತನ್ನು ಮುಚ್ಚಿ, ಏನೂ ಅರಿಯದವರಂತೆ ಕೈಬೀಸಿಕೊಂಡು ಅಡ್ಡಾಡಿದರು.

"ಎಂಥ ಶಾಂತವಾದ ಬೀದಿ!" ಎಂದಳು ಎಸ್ಟೆರಾ. "ಆದ್ರೆ ಎಲ್ಲರೂ ಏನನ್ನೋ ಎದೆಯಲ್ಲಿ ಹೊತ್ಕೊಂಡು ಓಡಾಡೋ ಹಾಗೆ ಕಾಣ್ತಾರೆ."

ಉಳಿದದ್ದು ಹಂಡೆ. ಅದನ್ನು ಒಡೆಯಲು ಅಲೋಯಿಸನಿಗೆ ಮನಸ್ಸು ಬರಲಿಲ್ಲ. ಮಾವ ಯುದ್ಧಕಾಲದಲ್ಲೂ ಅದನ್ನು ಸೈನಿಕರ ಕಣ್ಣಿಗೆ ಬೀಳದಂತೆ ಕಾಪಾಡಿದ್ದ. ಮದುವೆಯ ದಿನ ಮಗಳ ಕೈಯನ್ನೂ ಹಂಡೆಯ ಹಿಡಿಯನ್ನೂ ಒಟ್ಟಿಗೆ ಅಳಿಯನಿಗೆ ಒಪ್ಪಿಸಿ, "ಎರಡನ್ನೂ ಒಣಗೋಕೆ ಬಿಡಬೇಡ," ಎಂದಿದ್ದ. ಊರಿನ ಯಾವ ಮದುವೆಯೂ ಯಾವ ತಿಥಿಯೂ ಆ ಹಂಡೆಯ ಆಶೀರ್ವಾದವಿಲ್ಲದೆ ನಡೆದಿರಲಿಲ್ಲ.

ಶುಕ್ರವಾರ ಬೆಳಕು ಹರಿಯುವಾಗ ಅಲೋಯಿಸ್ ಹಂಡೆಯನ್ನು ಕಂಬಳಿಯಲ್ಲಿ ಸುತ್ತಿ, ಮಗುವಿನಂತೆ ಎದೆಗವಚಿಕೊಂಡು, ನೋಯುವ ಎಡಮಂಡಿಯಲ್ಲಿ ಕುಂಟುತ್ತ ಮಂಜು ತುಂಬಿದ ಹಿತ್ತಲಿಗೆ ಬಂದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡಿದ. ಪ್ಲಮ್ ಮರದ ಕೆಳಗೆ ಗುಂಡಿ ತೋಡಿದ. ಹಂಡೆಯನ್ನು ಇಳಿಸಿ, ಕಂಬಳಿಯ ತುದಿಯನ್ನು ಸರಿಪಡಿಸಿ, ಯಾಕೋ ತಡೆಯಲಾರದೆ ಅದರ ದುಂಡು ಬೆನ್ನನ್ನು ಒಮ್ಮೆ ತಟ್ಟಿದ. ಮಣ್ಣು ಮುಚ್ಚಿ, ತುಳಿದು, ಮೇಲೆ ಎಲೆ ಹರಡಿ ತಿರುಗಿದರೆ ಬೇಲಿಯ ಬುಡದಿಂದ ಎಸ್ಟೆರಾ ಎದ್ದು ನಿಂತಿದ್ದಳು. ಅವಳ ಕಣ್ಣುಗಳಲ್ಲಿ ನೀರಿತ್ತು.

ಬಂದು ಅವನ ತೋಳು ಹಿಡಿದಳು. "ನಂಗೆ ಅರ್ಥ ಆಗುತ್ತೆ. ಒಂದು ಮಾತೂ ಯಾರಿಗೂ ಹೇಳಲ್ಲ," ಎಂದು ಪಿಸುಗುಟ್ಟಿ ಒಳಗೆ ಹೋದಳು.

ಅಲೋಯಿಸ್ ಅಡುಗೆಮನೆಗೆ ಓಡಿದ. "ಲುದ್ಮಿಲಾ, ಆಯ್ತು! ಸಿಕ್ಕಿಬಿದ್ದೆ. ಹೇಳಲ್ಲ ಅಂದ್ಳು. ಅಂದ್ರೆ ಏನೋ ಬೇಕು ಅಂತ ಅರ್ಥ. ಆ ಕೊನೇ ಹಂದಿತೊಡೆ ಇದ್ಯಲ್ಲ, ಅದನ್ನ ಅವಳ ಕೋಣೇಲಿಡು."

"ಅವಳು ಮಾಂಸ ತಿನ್ನಲ್ಲ."

ಹಂದಿತೊಡೆಗೆ ಬಗ್ಗದ ಅಧಿಕಾರಿಯನ್ನು ಅಲೋಯಿಸ್ ಜನ್ಮದಲ್ಲಿ ಕಂಡಿರಲಿಲ್ಲ.

ಶನಿವಾರ ಸಂಜೆ ಅರಮನೆಯ ಅಂಗಳ ತುಂಬಿತು. ಮೊದಲ ಸಾಲಿನ ನಡುವೆ ಜಿಲ್ಲಾ ಕಚೇರಿಯ ವೊಂದ್ರಾಕ್ ಕೂತಿದ್ದರು. ಜಿಲ್ಲೆಯ ಸಕಲ ತಪಾಸಣೆಗಳಿಗೂ ಮುಖ್ಯಸ್ಥರಾದ ಅವರು ಕಡ್ಡಿಯಂತೆ ನೆಟ್ಟಗೆ, ಕೋಟಿನ ಎಲ್ಲ ಗುಂಡಿ ಹಾಕಿಕೊಂಡು, ಕಾರ್ಯಕ್ರಮವನ್ನೂ ತಪಾಸಣೆ ಮಾಡುವವರಂತೆ ಕೂತಿದ್ದರು. ಅಲೋಯಿಸ್ ಎರಡನೆಯ ಸಾಲಿನಲ್ಲಿ, ಅವರ ಬೆನ್ನ ಹಿಂದೆ. ಲುದ್ಮಿಲಾ ಅವನ ಕೋಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

ಸೊಬೋಟ್ಕಾ ಹಾರ್ಪ್ಸಿಕಾರ್ಡಿಗೆ ಕೂತ. ಪಿಟೀಲು, ಪಿಟೀಲಿನ ದಪ್ಪ ಅಣ್ಣನಂಥ ಚೆಲ್ಲೊ, ಕೊಳಲಿನವರು ಸುತ್ತ ಸೇರಿದರು. ಮೊದಲು ಎಲ್ಲ ಸ್ವರಗಳೂ ಒಂದರ ಮೇಲೊಂದು ಬಿದ್ದು ಅರಚಿದವು.

"ಶುರುವಿಗೇ ತಪ್ಪಿದ್ರು," ಎಂದ ವಾವ್ರಾ.

"ಅದು ಸೃಷ್ಟಿಗೆ ಮುಂಚಿನ ಗೊಂದಲವಂತೆ, ಹಾಗೇ ಬರೆದಿದಾರಂತೆ," ಎಂದರು ಮೇಯರ್.

"ಹಾಗಾದ್ರೆ ನಮ್ಮ ಬ್ಯಾಂಡಿನೋರು ವರ್ಷವೆಲ್ಲ ಅದನ್ನೇ ನುಡಿಸ್ತಾರೆ."

ಗೊಂದಲದಿಂದ ಮೆಲ್ಲಗೆ ಗಾಳಿ ಹುಟ್ಟಿತು. ಕೊಳಲು ಉಸಿರಾಡಿತು, ಎಸ್ಟೆರಾ ಹೊಗೆಯಂತೆ ಬಳುಕಿದಳು. ಬೆಂಕಿ ಬಂತು, ಪಿಟೀಲು ಚಟಪಟಿಸಿತು. ಆಮೇಲೆ ನೀರು. ಸೊಬೋಟ್ಕಾ ಕಾರಂಜಿಯ ಕಡೆ ತಲೆಯಾಡಿಸಿ ಸನ್ನೆ ಮಾಡಿದ, ಪುರಸಭೆಯ ಆಳು ನೀರು ಬಿಡುವ ಗಾಲಿ ತಿರುಗಿಸಿದ. ಎಷ್ಟೋ ವರ್ಷಗಳಿಂದ ಮೂಗು ಸೋರಿದಂತೆ ಸೋರುತ್ತಿದ್ದ ಕಾರಂಜಿ, ಬೀದಿಯ ಕೊಳವೆಗಳೆಲ್ಲ ಕಳಚಿದ್ದರಿಂದ, ಗುಡುಗಿ ಮೇಲೆದ್ದು ಅರಮನೆಯ ಮಾಡು ಮುಟ್ಟಿ ಮೊದಲ ಸಾಲಿನ ಮೇಲೆ ಸುರಿಯಿತು.

ವೊಂದ್ರಾಕ್ ಕನ್ನಡಕ ಒರೆಸಿಕೊಂಡರು. "ಈ ಕಾರಂಜಿಗೆ ನೀರಿಲ್ಲ ಅಂತ ನೀವು ಪ್ರತಿ ವರ್ಷ ಅರ್ಜಿ ಹಾಕ್ತಿದ್ರಿ."

"ಸಂಗೀತದ ಪ್ರಭಾವ ಇರಬೇಕು," ಎಂದರು ಮೇಯರ್, ಕೂದಲಿನಿಂದ ನೀರು ಹಿಂಡುತ್ತ.

ಕೊನೆಗೆ ನೆಲ. ಚೆಲ್ಲೊ ಒಂದೇ ಸಮ ಕೆಳಗಿಳಿಯುವ ನಾಲ್ಕು ಸ್ವರಗಳನ್ನು ಹಿಡಿದು, ಮುಗಿದರೆ ಮತ್ತೆ ಅದನ್ನೇ, ಮತ್ತೆ ಅದನ್ನೇ ನುಡಿಸತೊಡಗಿತು. ಎಸ್ಟೆರಾ ಬಂದಳು. ತೋಳುಗಳಲ್ಲಿ ಕಾಣದ ಏನನ್ನೋ ಎದೆಗವಚಿಕೊಂಡಿದ್ದಳು. ದುಂಡಗೆ, ಭಾರವಾಗಿ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದೆ ನೋಡಿದಳು. ಎಡಮಂಡಿ ಸ್ವಲ್ಪ ಕುಂಟುತ್ತಿತ್ತು. ಊರಿನವರಿಗೆ ಆ ಕುಂಟು ಎಲ್ಲೋ ನೋಡಿದಂತಿತ್ತು. ಅವಳು ಬಾಗಿ ನೆಲ ತೋಡಿ, ಹೊತ್ತದ್ದನ್ನು ಇಳಿಸಿ, ಕಂಬಳಿಯ ತುದಿ ಸರಿಪಡಿಸಿ, ಅದರ ಬೆನ್ನು ತಟ್ಟಿದಳು.

"ಅಯ್ಯೋ, ಇದು ನಮ್ಮ ಲೋಯ್ಜಾ!" ಎಂದ ವಾವ್ರಾ ಗಟ್ಟಿಯಾಗಿ.

ಬಾಯಿಂದ ಒಂದು ಮಾತೂ ಹೇಳುವುದಿಲ್ಲ ಎಂದಿದ್ದಳು, ನಿಜ. ಹೇಳಲಿಲ್ಲ. ಇಡೀ ಜಿಲ್ಲೆಯೆದುರು ಮೈಯಿಂದ ತೋರಿಸಿದಳು. ಲುದ್ಮಿಲಾ ಕೋಟು ಎಳೆದಳು. ಕೋಟು ಅವಳ ಕೈಯಲ್ಲುಳಿಯಿತು, ಅಲೋಯಿಸ್ ಎದ್ದು ನಿಂತಿದ್ದ.

"ಸುಳ್ಳು! ಅದು ನಂದಲ್ಲ! ನಮ್ಮ ಮಾವನದು!"

ಸಂಗೀತ ನಿಂತಿತು. ವೊಂದ್ರಾಕ್ ನಿಧಾನವಾಗಿ ಹಿಂದಕ್ಕೆ ತಿರುಗಿದರು. "ಯಾವುದು ನಿಮ್ಮ ಮಾವನದು?"

ಎಸ್ಟೆರಾ ಮುಂದೆ ಬಂದಳು.

"ದಯವಿಟ್ಟು ಅವರನ್ನ ಏನೂ ಕೇಳಬೇಡಿ ಸರ್. ಅವರ ನಾಯಿ. ನಿನ್ನೆ ಬೆಳಗ್ಗೆ ಮಣ್ಣು ಮಾಡಿದ್ರು, ನಾನೇ ನೋಡಿದೆ. ಇಷ್ಟು ಪ್ರೀತಿಯಿಂದ ಯಾರಾದ್ರೂ ಯಾರನ್ನಾದ್ರೂ ಮಣ್ಣಿಗಿಟ್ಟದ್ದನ್ನ ನಾನು ನೋಡಿಲ್ಲ."

ಅಲೋಯಿಸನಿಗೆ ನಾಯಿಗಳನ್ನು ಕಂಡರಾಗದು. ಅವನ ಮನೆಯಲ್ಲಿ ಎಂದೂ ನಾಯಿ ಇರಲಿಲ್ಲ. ಇದು ಅಂಗಳದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಆ ಹಂಡೆಯ ಹನಿ ಗಂಟಲಿಗಿಳಿಯದವರು ಅಂಗಳದಲ್ಲಿ ಒಬ್ಬರೂ ಇಲ್ಲವೆಂಬುದೂ ಗೊತ್ತು.

"ಹೌದು, ನಾಯಿ!" ಎಂದು ವಾವ್ರಾ ಎದ್ದ. "ಕರೀ ನಾಯಿ. ರೆಕ್ಸ್ ಅಂತ."

ಅದೇ ಕ್ಷಣದಲ್ಲಿ ಆಚೆ ತುದಿಯಿಂದ ರೂಜೆನಾ ಅತ್ತೆಯೂ ಎದ್ದಿದ್ದಳು. "ಬೆಲಾ ಅಂತ! ಬೆಳ್ಳಗೆ, ಹಾಲಿನ ಹಾಗಿತ್ತು, ಪಾಪ, ಹೆಣ್ಣುನಾಯಿ!"

ವೊಂದ್ರಾಕರ ಹುಬ್ಬು ಏರಿತು. "ಒಂದು ನಾಯಿಯೋ, ಎರಡೋ?"

"ಒಂದೇ," ಎಂದರು ಮೇಯರ್, ಕಣ್ಣು ಮಿಟುಕಿಸದೆ. "ಕರಿ ಇತ್ತು. ಮುದಿಯಾದ ಮೇಲೆ ಬೆಳ್ಳಗಾಯ್ತು."

"ಹೆಸರು?"

ಈಗ ಲುದ್ಮಿಲಾ ಎದ್ದಳು. ಕಣ್ಣಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. "ರೆಕ್ಸ್ ಅಂತ ಇಟ್ಟಿದ್ದು ಇವನು. ಹೆಣ್ಣು ಅಂತ ಆಮೇಲೆ ಗೊತ್ತಾಯ್ತು. ಇವನದು ಯಾವಾಗಲೂ ಹೀಗೇ ಸಾರ್, ಸರಿಯಾಗಿ ನೋಡೋದೇ ಇಲ್ಲ."

ಇದನ್ನು ಮಾತ್ರ ಎಲ್ಲರೂ ಮನಸಾರೆ ನಂಬಿದರು. ಆದರೆ ವೊಂದ್ರಾಕ್ ಹಳೆಯ ಹುಲಿ. "ನಾಯಿ ಇಷ್ಟು ದುಂಡಗಿರುತ್ತಾ?" ಎಂದು ಎಸ್ಟೆರಾಳ ತೋಳಿನ ಸುತ್ತಳತೆಯನ್ನು ಗಾಳಿಯಲ್ಲಿ ತೋರಿಸಿದರು.

"ಕೊನೇ ಕಾಲಕ್ಕೆ ಊದ್ಕೊಂಡಿತ್ತು!" ಎಂದಳು ರೂಜೆನಾ ಅತ್ತೆ.

ವೊಂದ್ರಾಕ್ ಅಲೋಯಿಸನ ಕಡೆ ತಿರುಗಿದರು. "ಮಾವನದು ಅಂದ್ರಿ. ನಾಯಿ ಅಂತಾರೆ. ಕರಿ ಅಂತಾರೆ, ಬಿಳಿ ಅಂತಾರೆ. ಕ್ವಾಪಿಲ್ ಅವರೇ, ನೀವೇ ಬಂದು ತೋರಿಸಿ. ಹೇಗೆ ಮಣ್ಣು ಮಾಡಿದ್ರಿ, ನೋಡೋಣ."

ವಾರವೆಲ್ಲ ಸಂಗೀತವೆಂಬುದು ತಪಾಸಣೆಯ ಮುಸುಕು ಎಂದು ಬೀದಿ ಬೀದಿ ಸಾರಿದ್ದ ಅಲೋಯಿಸ್, ಈಗ ತನ್ನ ಅಪರಾಧ ಸಂಗೀತವೆಂದು ರುಜುವಾತು ಮಾಡಬೇಕಾಯಿತು. ಮೆಟ್ಟಿಲೇರಿ ವೇದಿಕೆಗೆ ಬಂದ. ಅಂಗಿಯಲ್ಲಿ, ಮಂಡಿನೋವಿನಲ್ಲಿ, ಒದ್ದೆ ಕಲ್ಲುಹಾಸಿನ ಮೇಲೆ. ಸೊಬೋಟ್ಕಾನಿಗೆ ಮಾತ್ರ ಇದಕ್ಕಿಂತ ಸಂತೋಷದ ಗಳಿಗೆ ಬದುಕಿನಲ್ಲಿ ಬಂದಿರಲಿಲ್ಲ. "ನೆಲ, ಮೊದಲಿಂದ," ಎಂದು ಪಿಸುಗುಟ್ಟಿದ. ಚೆಲ್ಲೊ ಆ ನಾಲ್ಕು ಸ್ವರಗಳನ್ನು ಹಿಡಿದು ಇಳಿಯಿತು.

ಅಲೋಯಿಸ್ ತೋಳುಗಳನ್ನು ದುಂಡಗೆ ಮಾಡಿದ. ಮೊದಲು ಬರೀ ಹೆದರಿಕೆಯಿತ್ತು. ನಾಲ್ಕು ಹೆಜ್ಜೆ ಇಟ್ಟು ಹಿಂದೆ ನೋಡಿದ. ಹಿಂದೆ ಎಸ್ಟೆರಾ ಅದೇ ಹೆಜ್ಜೆಯಲ್ಲಿ ಬರುತ್ತಿದ್ದಳು. ಬೆಚ್ಚಿ ಮುಂದೆ ಓಡಿದ, ಅವಳೂ ಓಡಿದಳು. ಕಾಲು ಜಾರಿತು, ಬೀಳುವಾಗಲೂ ತೋಳು ಸಡಿಲಿಸದೆ ಬೆನ್ನ ಮೇಲೆ ಬಿದ್ದ. ಎದೆಯ ಮೇಲಿದ್ದ ಕಾಣದ ಹಂಡೆಗೆ ಪೆಟ್ಟಾಗಲಿಲ್ಲ. ಯಾರೋ ನಗಲು ಹೊರಟು ಸುಮ್ಮನಾದರು. ಮಂಡಿಯೂರಿ ಎದ್ದ, ನೆಲ ತೋಡಿದ. ಇಳಿಸುವ ಹೊತ್ತಿಗೆ ಮಾವನ ಮುಖ ಕಣ್ಣೆದುರು ಬಂತು. ಚಳಿಗಾಲದ ಮುಂಜಾನೆಗಳು, ತಾಮ್ರದ ಬೆಚ್ಚನೆಯ ಮೈ, ಮೊದಲ ಹನಿ ಬೀಳುವಾಗ ಮಾವನೂ ಅವನೂ ಉಸಿರು ಬಿಗಿಹಿಡಿದು ಬಾಗುತ್ತಿದ್ದದ್ದು, ಎಲ್ಲ ಬಂತು. ಒಳಗಿಟ್ಟು ಬೆನ್ನು ತಟ್ಟಿದ. ಕೈ ತೆಗೆಯಲಾಗಲಿಲ್ಲ. ಸೊಬೋಟ್ಕಾ ಕಾದ, ಚೆಲ್ಲೊದವನು ಮತ್ತೊಂದು ಸುತ್ತು ನುಡಿಸಿದ, ಇನ್ನೊಂದು ಸುತ್ತು ನುಡಿಸಿದ. ಅಲೋಯಿಸ್ ಕ್ವಾಪಿಲ್ ವೇದಿಕೆಯ ನಡುವೆ ಬಾಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

ಹಾರ್ಪ್ಸಿಕಾರ್ಡಿನ ಕೊನೆಯ ತಂತಿ ಸುಮ್ಮನಾದ ಮೇಲೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ರೂಜೆನಾ ಅತ್ತೆ ಇಲ್ಲದ ನಾಯಿಗಾಗಿ ನಿಜವಾಗಿ ಅಳುತ್ತಿದ್ದಳು. ವಾವ್ರಾನ ಎರಡೂ ಕಣ್ಣು ಮಿಟುಕುತ್ತಿದ್ದವು. ವೊಂದ್ರಾಕ್ ಎದ್ದು ವೇದಿಕೆಗೆ ಬಂದರು. ಕೋಟಿನ ಮೇಲಿನ ಗುಂಡಿ ಬಿಚ್ಚಿದ್ದರು. ಮುಖದ ಮೇಲಿದ್ದದ್ದು ಕಾರಂಜಿಯ ನೀರೊಂದೇ ಆಗಿರಲಿಲ್ಲ.

"ನನ್ನದು ಏಪ್ರಿಲಿನಲ್ಲಿ ಹೋಯ್ತು," ಎಂದರು. "ಬಾರಿಕ್ ಅಂತ. ಆಫೀಸಿನಲ್ಲಿ ಯಾರಿಗೂ ಹೇಳ್ಲಿಲ್ಲ. ಏನಂತ ಹೇಳೋದು, ಹೇಳಿ." ಅಲೋಯಿಸನನ್ನು ಎಬ್ಬಿಸಿ ಗಟ್ಟಿಯಾಗಿ ಅಪ್ಪಿಕೊಂಡರು. ಆಗ ಅಂಗಳ ಬಿರಿಯುವಂತೆ ಚಪ್ಪಾಳೆ ಬಿತ್ತು.

ಭಾನುವಾರ ಸಂಗೀತದವರು ಹೊರಟರು. ಎಸ್ಟೆರಾ ಅಲೋಯಿಸನ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅವಳಿಗೆ ನಿಜ ಹೇಳಿಬಿಡಬೇಕೆಂದು ಅವನಿಗೆ ತುಂಬ ಅನಿಸಿತು. ಬಾಯಿ ತೆರೆಯುವಷ್ಟರಲ್ಲಿ ಲುದ್ಮಿಲಾ ಅದಕ್ಕೊಂದು ಕೊಲಾಚ್ ತುರುಕಿದಳು.

ಮುಂದಿನ ಭಾನುವಾರ ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ವೊಂದ್ರಾಕ್ ನಿಂತಿದ್ದರು, ಕೈಯಲ್ಲೊಂದು ಬುಟ್ಟಿ. ಬುಟ್ಟಿಯಲ್ಲಿ ಒಂದು ಕಂದು ನಾಯಿಮರಿ, ಅದರ ಕಿವಿಗಳೇ ಅದಕ್ಕಿಂತ ಉದ್ದವಾಗಿದ್ದವು.

"ನಮ್ಮ ಬಾರಿಕನ ತಂಗಿಯ ಮೊಮ್ಮಗ," ಎಂದರು. ಅವರ ಮುಖದಲ್ಲಿ ಎಂದೂ ಕಾಣದ ನಗುವಿತ್ತು. "ನಮ್ಮ ಮನೇಲಿ ಹೆಂಡತಿ ಮತ್ತೆ ನಾಯಿ ಬೇಡ ಅಂತಾಳೆ. ನಿಮ್ಮಷ್ಟು ಪ್ರೀತಿಸೋರು ಈ ಜಿಲ್ಲೇಲಿ ಇನ್ಯಾರಿದಾರೆ? ಇಟ್ಕೊಳ್ಳಿ. ನಂದೊಂದೇ ಕೋರಿಕೆ. ಭಾನುವಾರ ಭಾನುವಾರ ನಾನು ಬಂದು ನೋಡ್ಕೊಂಡು ಹೋಗ್ತೀನಿ. ಹಿತ್ತಲಲ್ಲಿ ಅದರ ಜೊತೆ ಒಂದಿಷ್ಟು ಓಡಾಡ್ತೀನಿ. ನಿಮಗೇನೂ ತೊಂದರೆ ಇಲ್ವಲ್ಲ?"

"ಎಂಥ ತೊಂದರೆ, ಬನ್ನಿ, ಒಳಗೆ ಬನ್ನಿ," ಎಂದಳು ಲುದ್ಮಿಲಾ, ಗಂಡನ ಕಾಲು ತುಳಿಯುತ್ತ. "ಕಾಫಿ ಮಾಡ್ತೀನಿ."

ವೊಂದ್ರಾಕ್ ಒಳಗೆ ಹೋದರು. ಅಲೋಯಿಸ್ ಬುಟ್ಟಿ ಹಿಡಿದು ಹೊಸಿಲಲ್ಲೇ ನಿಂತಿದ್ದ. ಮರಿ ತಲೆಯೆತ್ತಿ ಅವನ ಮುಖವನ್ನೂ ಅಂಗಿಯನ್ನೂ ಮೂಸಿತು. ಆಮೇಲೆ ಹಿತ್ತಲ ಕಡೆಗೆ ತಿರುಗಿ ಮತ್ತೊಮ್ಮೆ, ಬಹಳ ಶ್ರದ್ಧೆಯಿಂದ, ಗಾಳಿಯನ್ನು ಮೂಸಿತು.

ಅಲೋಯಿಸ್ ಒಂದು ಸಲ ಒಳಗೆ ನೋಡಿ, ಬುಟ್ಟಿಯ ಮೇಲೆ ಬಾಗಿ, ಮೆಲ್ಲಗೆ ಕೇಳಿದ:

"ನಿಂದು ಯಾವ ಇಲಾಖೆ?"